ಬೆಂಜಮಿನ್ ರಾಬಿನ್ಸ್

ಬೆಂಜಮಿನ್ ರಾಬಿನ್ಸ್ (1707 – 29 ಜುಲೈ 1751) ಇಂಗ್ಲೆಂಡಿನ ಗಣಿತಜ್ಞ ಹಾಗೂ ಸೈನಿಕ ಎಂಜಿನಿಯರ್. ಕೋವಿಯಿಂದ ಹೊರಟ ಗುಂಡಿನ ವೇಗವನ್ನು ನಂಬಲರ್ಹವಾಗಿ ಅಳೆಯುವ ಬ್ಯಾಲಿಸ್ಟಿಕ್ ಲೋಲಕವನ್ನು ರೂಪಿಸಿ, ಅದರ ನೆರವಿನಿಂದ ಕೋವಿಮದ್ದಿನ ಬಲವನ್ನು ಅಂಕಿಗಳಲ್ಲಿ ಹೇಳಲು ಸಾಧ್ಯವೆಂದು ತೋರಿಸಿಕೊಟ್ಟವನು. 1742ರಲ್ಲಿ ಪ್ರಕಟವಾದ ಈತನ 'ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ' ಗ್ರಂಥದಿಂದ ಫಿರಂಗಿವಿದ್ಯೆಯು ಕೈರೂಢಿಯ ಕಸುಬಾಗಿದ್ದುದು ಪ್ರಯೋಗಾಧಾರಿತ ವಿಜ್ಞಾನವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಎಂಜಿನಿಯರನಾಗಿ ಭಾರತಕ್ಕೆ ಬಂದ ರಾಬಿನ್ಸ್ ಕೋರಮಂಡಲ ಕರಾವಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ನಿಧನನಾದನು.

ಆರಂಭಿಕ ಜೀವನ

ರಾಬಿನ್ಸ್ 1707ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಜನಿಸಿದನು. ಹೆತ್ತವರು ಯುದ್ಧವನ್ನು ನಿಷೇಧಿಸುವ ಕ್ವೇಕರ್ ಪಂಥಕ್ಕೆ ಸೇರಿದವರು, ತಂದೆ ದರ್ಜಿ. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಹುಡುಗನ ಗಣಿತ ಪ್ರತಿಭೆ ನ್ಯೂಟನ್ನನ ಆಪ್ತವಲಯದಲ್ಲಿದ್ದ ಹೆನ್ರಿ ಪೆಂಬರ್ಟನ್ ಎಂಬ ವಿದ್ವಾಂಸನ ಗಮನಕ್ಕೆ ಬಂದಿತು. ಆತನ ಪ್ರೋತ್ಸಾಹದಿಂದ ರಾಬಿನ್ಸ್ ಲಂಡನ್ನಿಗೆ ಬಂದು ಪ್ರಾಚೀನ ಗ್ರೀಕ್ ರೇಖಾಗಣಿತವನ್ನೂ ನ್ಯೂಟನ್ನನ ಕೃತಿಗಳನ್ನೂ ಆಳವಾಗಿ ಅಭ್ಯಾಸ ಮಾಡಿದನು. ಕಾಲಕ್ರಮದಲ್ಲಿ ಕ್ವೇಕರರ ಉಡುಗೆ ನಡೆನುಡಿಗಳನ್ನು ತೊರೆದನು. ಶಾಂತಿವ್ರತಿಗಳ ಮನೆಯಲ್ಲಿ ಹುಟ್ಟಿದವನು ಮುಂದೆ ಯುರೋಪಿನ ಸೈನ್ಯಗಳಿಗೆ ಫಿರಂಗಿವಿದ್ಯೆಯ ಗುರುವಾದದ್ದು ಈತನ ಬಾಳಿನ ವಿಶೇಷ.

ಗಣಿತ ಕ್ಷೇತ್ರದಲ್ಲಿ

1727ರಲ್ಲಿ, ಇಪ್ಪತ್ತರ ವಯಸ್ಸಿಗೆ, ವಕ್ರರೇಖೆಗಳನ್ನು ಕುರಿತ ನ್ಯೂಟನ್ನನ ಗ್ರಂಥದ ಕೊನೆಯ ಪ್ರಮೇಯಕ್ಕೆ ರಾಬಿನ್ಸ್ ಬರೆದ ಸಾಧನೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಆತ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದನು. ಮರುವರ್ಷ, ಘರ್ಷಿಸುವ ಕಾಯಗಳ ಚಲನೆಯ ಬಗ್ಗೆ ಯೋಹಾನ್ ಬೆರ್ನೂಲಿ ಮಂಡಿಸಿದ್ದ ವಾದವನ್ನು ಖಂಡಿಸಿದನು. ಜೀವನೋಪಾಯಕ್ಕೆ ಗಣಿತದ ಖಾಸಗಿ ಪಾಠ ಹೇಳುತ್ತಿದ್ದರೂ ಅದರಲ್ಲಿಯೇ ತೃಪ್ತನಾಗದೆ ಸೇತುವೆ, ಗಿರಣಿ, ಬಂದರು, ಜೌಗುಭೂಮಿಯ ನೀರು ಬಸಿಯುವಿಕೆ, ಕೋಟೆಗಳ ರಚನೆ ಮೊದಲಾದ ವಿಷಯಗಳತ್ತ ಹೊರಳಿದನು. ಫ್ಲಾಂಡರ್ಸ್ ಪ್ರದೇಶಕ್ಕೆ ಹೋಗಿ ಅಲ್ಲಿನ ಕೋಟೆಗಳನ್ನು ಕಣ್ಣಾರೆ ಕಂಡುಬಂದನು.

ನ್ಯೂಟನ್ನನ ಕಲನಶಾಸ್ತ್ರದ ಅಡಿಪಾಯವನ್ನು ಬಿಷಪ್ ಬರ್ಕ್ಲಿ 1734ರಲ್ಲಿ ಪ್ರಶ್ನಿಸಿದಾಗ, ಮರುವರ್ಷವೇ ರಾಬಿನ್ಸ್ ಅದನ್ನು ಸಮರ್ಥಿಸಿ ಪ್ರಬಂಧವೊಂದನ್ನು ಬರೆದನು. 1739ರಲ್ಲಿ ಲಿಯೊನಾರ್ಡ್ ಆಯ್ಲರನ ಚಲನಶಾಸ್ತ್ರ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದನು. ಅದೇ ವರ್ಷ ಪ್ರಧಾನಿ ವಾಲ್ಪೋಲ್‌ನ ನೀತಿಯನ್ನು ವಿರೋಧಿಸಿ ರಾಜಕೀಯ ಕಿರುಹೊತ್ತಗೆಗಳನ್ನೂ ಪ್ರಕಟಿಸಿದನು.

ಕೈತಪ್ಪಿದ ಹುದ್ದೆ

1741ರಲ್ಲಿ ವುಲಿಚ್‌ನಲ್ಲಿ ರಾಯಲ್ ಮಿಲಿಟರಿ ಅಕಾಡೆಮಿ ಸ್ಥಾಪನೆಯಾದಾಗ ಅಲ್ಲಿನ ಪ್ರಾಧ್ಯಾಪಕ ಹುದ್ದೆಯನ್ನು ರಾಬಿನ್ಸ್ ಬಯಸಿದನು. ಹುದ್ದೆ ಜಾನ್ ಮುಲ್ಲರ್‌ನ ಪಾಲಾಯಿತು. ಇದಕ್ಕೆ ರಾಬಿನ್ಸನ ರಾಜಕೀಯ ನಿಲುವೇ ಕಾರಣವೆಂಬ ಅಭಿಪ್ರಾಯವುಂಟು. ಆ ಹುದ್ದೆಗೆಂದು ಸಿದ್ಧಪಡಿಸುತ್ತಿದ್ದ ಪಾಠಗಳ ವಸ್ತುವೇ ಬೆಳೆದು 1742ರ ಗ್ರಂಥವಾಯಿತು. ತರಗತಿಯೊಂದರ ವಿದ್ಯಾರ್ಥಿಗಳಿಗೆ ಸೀಮಿತವಾಗಬಹುದಾಗಿದ್ದ ವಿಷಯ ಇದರಿಂದ ಇಡೀ ಯುರೋಪಿನ ಓದುಗರನ್ನು ತಲುಪಿತು.

ಬ್ಯಾಲಿಸ್ಟಿಕ್ ಲೋಲಕ

ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲುಗಳನ್ನು ಅರೆದು ಮಾಡುವ ಕೋವಿಮದ್ದು ಯುರೋಪಿನಲ್ಲಿ ಅದಾಗಲೇ ಹಲವು ಶತಮಾನಗಳಿಂದ ಬಳಕೆಯಲ್ಲಿತ್ತು. ಆದರೆ ಇಂತಿಷ್ಟು ಮದ್ದು ಇಂತಿಷ್ಟು ತೂಕದ ಗುಂಡಿಗೆ ಎಷ್ಟು ವೇಗ ಕೊಡುತ್ತದೆ ಎಂಬ ಸರಳ ಪ್ರಶ್ನೆಗೆ ಖಚಿತ ಉತ್ತರವಿರಲಿಲ್ಲ. ಗುಂಡು ಎಷ್ಟು ದೂರ ಹೋಗಿ ಬಿದ್ದಿತೆಂಬುದನ್ನು ನೋಡಿ ಮದ್ದಿನ ಗುಣವನ್ನು ಊಹಿಸುತ್ತಿದ್ದರು. ದೂರವನ್ನು ಗಾಳಿಯ ತಡೆಯೂ ನಳಿಗೆಯ ಓರೆಯೂ ನಿರ್ಧರಿಸುವುದರಿಂದ ಈ ಊಹೆ ಮೋಸಹೋಗುತ್ತಿತ್ತು.

ರಾಬಿನ್ಸ್ ಹಲಗೆಯ ಮುಖವುಳ್ಳ, ಸುಮಾರು 56 ಪೌಂಡ್ ತೂಕದ ಕಬ್ಬಿಣದ ಲೋಲಕವೊಂದನ್ನು ಮುಕ್ಕಾಲಿಯಿಂದ ತೂಗುಹಾಕಿದನು. ಒಂದು ಪೌಂಡಿನ ಹನ್ನೆರಡನೆಯ ಒಂದು ಭಾಗದಷ್ಟು ತೂಕದ ಸೀಸದ ಗುಂಡನ್ನು ಅದರ ಮೇಲೆ ಹಾರಿಸಿದಾಗ ಗುಂಡು ಹಲಗೆಯಲ್ಲಿ ನಾಟಿಕೊಂಡು ಲೋಲಕ ಹಿಂದಕ್ಕೆ ತೂಗುತ್ತಿತ್ತು. ಲೋಲಕಕ್ಕೆ ಕಟ್ಟಿದ ಪಟ್ಟಿ ಎಷ್ಟು ಅಂಗುಲ ಹೊರಬಂದಿತೆಂಬುದರಿಂದ ತೂಗಿನ ಅಳತೆ ಸಿಗುತ್ತಿತ್ತು. ಘರ್ಷಣೆಯಲ್ಲಿ ಒಟ್ಟು ಸಂವೇಗ ಬದಲಾಗುವುದಿಲ್ಲವೆಂಬ ನಿಯಮವನ್ನು ಅನ್ವಯಿಸಿ, ಭಾರವಾದ ಲೋಲಕದ ನಿಧಾನ ಚಲನೆಯಿಂದ ಹಗುರವಾದ ಗುಂಡಿನ ಅತಿವೇಗವನ್ನು ಲೆಕ್ಕಹಾಕಲಾಯಿತು. ಮಸ್ಕೆಟ್ ಗುಂಡಿನ ವೇಗ ಸೆಕೆಂಡಿಗೆ 1,600 ಅಡಿಯನ್ನೂ ಮೀರುವುದೆಂದು ಈ ಪ್ರಯೋಗಗಳಿಂದ ತಿಳಿದುಬಂದಿತು.

ಮದ್ದಿನ ತೂಕ ಮತ್ತು ಬಲ

ಕಾದ ಕಬ್ಬಿಣದ ಮೇಲೆ, ಗಾಳಿ ತೆಗೆದ ಪಾತ್ರೆಯಲ್ಲಿ ರಾಬಿನ್ಸ್ ಮದ್ದನ್ನು ಉರಿಸಿ ನೋಡಿದನು. ಉರಿದ ಮದ್ದು ತಾನು ಆಕ್ರಮಿಸಿದ್ದ ಜಾಗದ ಸುಮಾರು 240 ಪಟ್ಟು ಅನಿಲವನ್ನು ಕೊಡುವುದೆಂದೂ, ಉರಿಯ ಬಿಸಿಯಿಂದ ಅದರ ಒತ್ತಡ ಮತ್ತೆ ನಾಲ್ಕು ಪಟ್ಟಾಗುವುದೆಂದೂ ಲೆಕ್ಕಹಾಕಿ, ನಳಿಗೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 1,000 ಪಟ್ಟೆಂದು ನಿರ್ಣಯಿಸಿದನು. ನಿಜವಾದ ಒತ್ತಡ ಇದಕ್ಕಿಂತ ಬಹಳ ಹೆಚ್ಚೆಂದು ಮುಂದಿನ ಶತಮಾನದ ಮಾಪನಗಳು ತೋರಿಸಿದವು. ಆದರೂ ಮದ್ದಿನ ತೂಕ, ಗುಂಡಿನ ತೂಕ ಮತ್ತು ನಳಿಗೆಯ ಉದ್ದ ಗೊತ್ತಿದ್ದರೆ ವೇಗವನ್ನು ಮುಂಚಿತವಾಗಿ ಲೆಕ್ಕಹಾಕಿ, ಬಳಿಕ ಲೋಲಕದಿಂದ ಪರೀಕ್ಷಿಸಬಹುದೆಂಬ ಮಾರ್ಗವನ್ನು ಹಾಕಿಕೊಟ್ಟವನು ಈತನೇ.

ಇದೇ ಪರೀಕ್ಷೆಯಿಂದ ಇನ್ನೊಂದು ಮಹತ್ವದ ಸಂಗತಿ ಹೊರಬಿದ್ದಿತು. ಒಂದೇ ತೂಕದ ಮದ್ದು ಎಲ್ಲ ಕಾಲದಲ್ಲಿಯೂ ಒಂದೇ ವೇಗವನ್ನು ಕೊಡುವುದಿಲ್ಲ. ಬೇಸಗೆಯ ನಡುಹಗಲಿನಲ್ಲಿಯೂ ತಂಪಾದ ಬೆಳಗು ಸಂಜೆಗಳಲ್ಲಿಯೂ ಗುಂಡು ಹಾರಿಸಿ ಹೋಲಿಸಿದಾಗ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಗಾಳಿಯ ಸಾಂದ್ರತೆ ಮದ್ದಿನ ಬಲವನ್ನು ಬದಲಿಸುವುದಿಲ್ಲವೆಂದು ತಿಳಿಯಿತು. ಗಾಳಿಯ ತೇವದ ಮಾತು ಬೇರೆ. ಒಣಹವೆಯಲ್ಲಿ ಗುಂಡಿಗೆ ಸೆಕೆಂಡಿಗೆ 1,700 ಅಡಿ (ಸುಮಾರು 518 ಮೀಟರ್) ವೇಗ ನೀಡುವ ಮದ್ದು, ತೇವದ ಹವೆಯಲ್ಲಿ 1,200ರಿಂದ 1,300 ಅಡಿಗಿಂತ ಹೆಚ್ಚು ನೀಡದು; ಕಳಪೆ ಮದ್ದನ್ನು ಅಜಾಗರೂಕತೆಯಿಂದ ಇಟ್ಟಿದ್ದರೆ ಇನ್ನೂ ಕಡಿಮೆ. ತೇವ ಹೀರಿದ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಅದರ ತೂಕದಲ್ಲಿ ಒಂದು ಪಾಲು ನೀರೇ ಆಗಿರುತ್ತದೆ. ಉರಿಯ ಬಿಸಿಯ ಒಂದಂಶ ಆ ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ತಕ್ಕಡಿಯಲ್ಲಿ ಸರಿತೂಗಿದ ಎರಡು ಪೊಟ್ಟಣಗಳು ನಳಿಗೆಯಲ್ಲಿ ಸಮವಾಗಿ ವರ್ತಿಸದಿದ್ದರೆ ಒಂದೇ ಗುರಿಯಿಟ್ಟು ಹಾರಿಸಿದ ಗುಂಡುಗಳು ಬೇರೆ ಬೇರೆ ಕಡೆ ಬೀಳುತ್ತವೆ. ಹಾಗಾಗಿ ಮದ್ದನ್ನು ಸಮನಾಗಿ ತೂಗುವುದು ಅಗತ್ಯವಾದರೂ ಅಷ್ಟೇ ಸಾಲದು. ಮದ್ದು ಒಂದೇ ಗುಣದ್ದಾಗಿರಬೇಕು, ಒಣಗಿರಬೇಕು. ಕೊನೆಯ ತೀರ್ಪು ಗುಂಡಿನ ವೇಗದ್ದಾಗಿರಬೇಕು. ರಾಬಿನ್ಸನ ಪ್ರಯೋಗಗಳು ತಿಳಿಸಿದ ಮುಖ್ಯ ತತ್ತ್ವ ಇದು. ಮದ್ದನ್ನು ಹೆಚ್ಚಿಸಿದಷ್ಟೂ ಪ್ರಯೋಜನ ಹೆಚ್ಚೆಂಬ ಅಂದಿನ ನಂಬಿಕೆಯನ್ನೂ ಆತ ಅಲ್ಲಗಳೆದನು.

ಗಾಳಿಯ ತಡೆ ಮತ್ತು ಗುಂಡಿನ ಡೊಂಕು

ಗೆಲಿಲಿಯೋನ ಕಾಲದಿಂದ ಗುಂಡಿನ ಪಥವನ್ನು ಪರವಲಯವೆಂದೇ ಭಾವಿಸಿ, ಗಾಳಿಯ ತಡೆಯನ್ನು ಗಣನೆಗೆ ತೆಗೆದುಕೊಳ್ಳದ ರೂಢಿಯಿತ್ತು. ಪೂರ್ಣ ಪ್ರಮಾಣದ ಮದ್ದಿನಿಂದ ಹಾರಿದ 24 ಪೌಂಡಿನ ಗುಂಡು ಈ ಲೆಕ್ಕದಂತೆ ಸುಮಾರು 16 ಮೈಲಿ ಹೋಗಬೇಕು. ವಾಸ್ತವದಲ್ಲಿ ಅದು 3 ಮೈಲಿಯನ್ನೂ ಮುಟ್ಟದೆಂದು ರಾಬಿನ್ಸ್ ತೋರಿಸಿದನು. ಗುಂಡಿನ ವೇಗ ಶಬ್ದದ ವೇಗವನ್ನು ಸಮೀಪಿಸಿದಾಗ ಗಾಳಿಯ ತಡೆ ಹಠಾತ್ತಾಗಿ ಏರುವುದನ್ನೂ ಗುರುತಿಸಿದನು. ಈ ಕಾರ್ಯಕ್ಕಾಗಿ 1746ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಲಭಿಸಿತು.

ಗುಂಡು ಪಕ್ಕಕ್ಕೆ ಸರಿಯುವುದು ಅದರ ತಿರುಗುವಿಕೆಯಿಂದ ಎಂದು ಆತ ವಾದಿಸಿದನು. ತುದಿಯನ್ನು ಸ್ವಲ್ಪ ಬಾಗಿಸಿದ ನಳಿಗೆಯಿಂದ, ಸಾಲಾಗಿ ತೂಗುಹಾಕಿದ ತೆಳುಕಾಗದದ ಪರದೆಗಳ ಮೂಲಕ ಗುಂಡು ಹಾರಿಸಿದಾಗ ಅದು ಮೊದಲು ಬಾಗಿದ ಕಡೆಗೆ ಹೋಗಿ ಬಳಿಕ ಎದುರು ದಿಕ್ಕಿಗೆ ತಿರುಗಿತು. ಇಂದು ಮ್ಯಾಗ್ನಸ್ ಪರಿಣಾಮವೆಂದು ಹೆಸರಾದ ಈ ವಿದ್ಯಮಾನವನ್ನು ರಾಬಿನ್ಸ್ ಒಂದು ಶತಮಾನ ಮೊದಲೇ ಗುರುತಿಸಿದ್ದನು. ನಳಿಗೆಯ ಒಳಗೆ ಸುರುಳಿಯಾದ ತೋಡುಗಳಿದ್ದರೆ ಗುಂಡು ನೇರವಾಗಿ ಸಾಗುವುದೆಂದು 1747ರಲ್ಲಿ ವಿವರಿಸಿ, ಅಂಥ ಕೋವಿಗಳನ್ನು ಮೊದಲು ಅಳವಡಿಸಿಕೊಂಡ ರಾಷ್ಟ್ರಕ್ಕೆ ಯುದ್ಧದಲ್ಲಿ ಮೇಲುಗೈ ದೊರೆಯುವುದೆಂದು ಮುನ್ನುಡಿದನು.

ಭಾರತದಲ್ಲಿ ಕೊನೆಯ ದಿನಗಳು

ನೌಕಾಪಡೆಯ ಫಿರಂಗಿಗಳ ಸುಧಾರಣೆಗೆ 1747ರಲ್ಲಿ ಸಲಹೆಗಳನ್ನು ಪ್ರಕಟಿಸಿದ ರಾಬಿನ್ಸ್, ಅಡ್ಮಿರಲ್ ಆನ್ಸನ್‌ನ ಭೂಪ್ರದಕ್ಷಿಣೆಯನ್ನು ಕುರಿತ 1748ರ ಗ್ರಂಥದ ರಚನೆಯಲ್ಲಿಯೂ ಕೈಜೋಡಿಸಿದನು. 1749ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಈತನನ್ನು ಪ್ರಧಾನ ಎಂಜಿನಿಯರನಾಗಿ ನೇಮಿಸಿತು. ಮದರಾಸಿನ ಸೇಂಟ್ ಜಾರ್ಜ್ ಕೋಟೆ 1746ರಲ್ಲಿ ಫ್ರೆಂಚರ ವಶವಾಗಿ 1749ರಲ್ಲಿ ಕಂಪನಿಗೆ ಮರಳಿತ್ತು. ಕರಾವಳಿಯ ಕೋಟೆಗಳನ್ನು ಭದ್ರಪಡಿಸುವುದು ಆತನ ಹೊಣೆ.

ಖಗೋಳ ವೀಕ್ಷಣೆಗೂ ಪ್ರಯೋಗಗಳಿಗೂ ಬೇಕಾದ ಉಪಕರಣಗಳೊಡನೆ 1749ರ ಕೊನೆಯಲ್ಲಿ ಹಡಗೇರಿದ ರಾಬಿನ್ಸ್, 1750ರ ಜುಲೈ ತಿಂಗಳಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯನ್ನು ತಲುಪಿದನು. ಆ ಕೋಟೆ ಹಾಗೂ ಮದರಾಸಿನ ರಕ್ಷಣೆಗೆ ನಕ್ಷೆಗಳನ್ನು ಸಿದ್ಧಪಡಿಸತೊಡಗಿದನು. ಎರಡು ತಿಂಗಳೊಳಗೆ ಜ್ವರ ಹಿಡಿಯಿತು. ಅದರಿಂದ ಚೇತರಿಸಿಕೊಂಡರೂ ಆರೋಗ್ಯ ಮತ್ತೆ ಕೆಟ್ಟು, 1751ರ ಜುಲೈ 29ರಂದು ಅಲ್ಲಿಯೇ ಕೊನೆಯುಸಿರೆಳೆದನು. ಆತನ ಬರಹಗಳನ್ನು ಮಿತ್ರ ಜೇಮ್ಸ್ ವಿಲ್ಸನ್ 1761ರಲ್ಲಿ ಸಂಪುಟಗಳಾಗಿ ಹೊರತಂದನು. ಸೇಂಟ್ ಡೇವಿಡ್ ಕೋಟೆ 1758ರಲ್ಲಿ ಫ್ರೆಂಚರ ಕೈಯಲ್ಲಿ ನಾಶವಾಯಿತು.

ಪ್ರಭಾವ

ರಾಬಿನ್ಸನ ಕಟುವಿಮರ್ಶೆಗೆ ಗುರಿಯಾಗಿದ್ದ ಆಯ್ಲರನೇ 1745ರಲ್ಲಿ ಆತನ ಗ್ರಂಥವನ್ನು ವಿಸ್ತಾರವಾದ ಟಿಪ್ಪಣಿಗಳೊಡನೆ ಜರ್ಮನ್ ಭಾಷೆಗೆ ಅನುವಾದಿಸಿದನು. ಹಗೆಯಿಲ್ಲದೆ ವಿದ್ಯೆಯನ್ನು ಗೌರವಿಸಿದ ನಿದರ್ಶನವಾಗಿ ಇದನ್ನು ಸ್ಮರಿಸುವುದುಂಟು. ಆ ಅನುವಾದ ಫ್ರೆಂಚ್ ಭಾಷೆಗೂ ಹೋಗಿ, ತರುಣ ಸೇನಾಧಿಕಾರಿ ನೆಪೋಲಿಯನ್ ಬೋನಪಾರ್ಟೆ ಅದರಿಂದ ಟಿಪ್ಪಣಿ ಮಾಡಿಕೊಂಡನು. ವುಲಿಚ್‌ನಲ್ಲಿ ಚಾರ್ಲ್ಸ್ ಹಟ್ಟನ್ ದೊಡ್ಡ ಲೋಲಕಗಳನ್ನು ಕಟ್ಟಿ ಫಿರಂಗಿ ಗುಂಡುಗಳ ವೇಗವನ್ನು ಅಳೆದನು. ಕೌಂಟ್ ರಮ್‌ಫರ್ಡ್ ಕೋವಿಮದ್ದಿನ ಪ್ರಯೋಗಗಳನ್ನು ಮುಂದುವರಿಸಿದನು.

ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯುತ್ ಕಾಲಮಾಪಕಗಳು ಲೋಲಕದ ಸ್ಥಾನವನ್ನು ಪಡೆದವು. ಅಮೆರಿಕದಂತಹ ದೇಶಗಳಲ್ಲಿ ಗುರಿಹೊಡೆಯುವ ಹವ್ಯಾಸಿಗಳು ಮನೆಯಲ್ಲಿಯೇ ತೋಟಾಗಳಿಗೆ ಮದ್ದು ತುಂಬಿಕೊಳ್ಳುವಾಗ ಅದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಪೌಂಡಿನ 7,000ದ ಒಂದು ಭಾಗ, ಸುಮಾರು 65 ಮಿಲಿಗ್ರಾಂ. ಮದ್ದನ್ನು ಒಣಜಾಗದಲ್ಲಿಟ್ಟು, ತೂಕ ಸರಿಯಿದ್ದರೂ ತೃಪ್ತರಾಗದೆ, ಒಂದೊಂದು ಗುಂಡಿನ ವೇಗವನ್ನೂ ಯಂತ್ರದಿಂದ ಅಳೆದು ನಡುವಿನ ಅಂತರವನ್ನು ಪರಿಶೀಲಿಸುತ್ತಾರೆ. ತಕ್ಕಡಿಯ ಮಾತನ್ನು ವೇಗದಿಂದ ಒರೆಹಚ್ಚುವ ಈ ಕ್ರಮವು ರಾಬಿನ್ಸನ ಲೋಲಕದೊಡನೆ ಆರಂಭವಾದದ್ದು.