ಅಣ್ಣಾಸಾಹೇಬ ಕಿರ್ಲೋಸ್ಕರ: ಗಡಿನಾಡಿನ ಸಂಗೀತ ನಾಟಕಕಾರ

ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಖ್ಯಾತರಾದ ಬಳವಂತ ಪಾಂಡುರಂಗ ಕಿರ್ಲೋಸ್ಕರ ಅವರು 1843ರ ಮಾರ್ಚ್ 31ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅಣ್ಣಾಸಾಹೇಬ ಎಂಬುದು ಅವರ ರೂಢನಾಮ. ಕನ್ನಡ ನೆಲದಲ್ಲಿ ಹುಟ್ಟಿ ಮರಾಠಿಯಲ್ಲಿ ಬರೆದ ಅವರು ಕನ್ನಡ ರಂಗಭೂಮಿಯ ಚರಿತ್ರೆಗೆ ಹೊರಗಿನವರೇ ಎಂಬ ಪ್ರಶ್ನೆಗೆ ಅವರ ಜೀವನಕ್ರಮವೇ ಉತ್ತರ ನೀಡುತ್ತದೆ.

ಅವರು ಹುಟ್ಟಿದ ವರ್ಷವೇ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದರು. ಅದಕ್ಕೆ ಪ್ರೇರಣೆಯಾದದ್ದು ಕನ್ನಡ ನಾಡಿನ ಭಾಗವತ ಮೇಳದ ಆಟ. ಎಳವೆಯಲ್ಲಿ ಎರಡೂ ಭಾಷೆಗಳನ್ನು ಕಲಿತ ಕಿರ್ಲೋಸ್ಕರರು ಹೆಚ್ಚಿನ ವ್ಯಾಸಂಗಕ್ಕೆ ಪುಣೆಗೆ ತೆರಳಿದರಾದರೂ, ನಾಟಕ ಮಂಡಳಿಗಳಿಗೆ ಪದ ಕಟ್ಟಿಕೊಡುವ ಗೀಳು ಓದನ್ನು ಹಿಂದಿಕ್ಕಿತು. ಮುಂದೆ ಬೆಳಗಾವಿಯಲ್ಲಿ ಶಿಕ್ಷಕ ವೃತ್ತಿ, ಪೊಲೀಸ್ ಇಲಾಖೆ, ಕಂದಾಯ ಕಮಿಷನರರ ಕಚೇರಿ ಹೀಗೆ ಜೀವನೋಪಾಯ ಬದಲಾಗುತ್ತಲೇ ಹೋಯಿತು. ಈ ನಡುವೆ 1873ರಲ್ಲಿ ‘ಶಾಂಕರದಿಗ್ವಿಜಯ’ ಎಂಬ ಗದ್ಯನಾಟಕ ರಚಿತವಾಯಿತು.

ಪುಣೆಯಲ್ಲಿ ಕಂಡ ಪಾರಸಿ ಮಂಡಳಿಯ ‘ಇಂದ್ರಸಭಾ’ ಅವರ ದಿಕ್ಕನ್ನು ಬದಲಿಸಿತು. ಕಾಳಿದಾಸನ ಕೃತಿಯನ್ನು ಮರಾಠಿಗೆ ತಂದ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು 1880ರ ಅಕ್ಟೋಬರ್ 31ರಂದು ರಂಗವೇರಿದವು. ಅದುವರೆಗೆ ಕಥೆಯನ್ನು ಹಾಡಿ ನಡೆಸುತ್ತಿದ್ದವನು ಸೂತ್ರಧಾರ. ಕಿರ್ಲೋಸ್ಕರರು ಹಾಡನ್ನು ಪಾತ್ರಗಳ ಬಾಯಿಗೇ ಕೊಟ್ಟರು. ಕೀರ್ತನದ ಸಾಕಿ, ದಿಂಡಿಗಳೊಡನೆ ಕರ್ನಾಟಕದ ಧಾಟಿಗಳೂ ಅಲ್ಲಿ ಬೆರೆತವು.

1882ರ ‘ಸಂಗೀತ ಸೌಭದ್ರ’ದಲ್ಲಿ ಅವರ ವಿನೋದಶಕ್ತಿ ಪೂರ್ಣವಾಗಿ ಪ್ರಕಟವಾಗಿದೆ. ತಂಗಿಯನ್ನು ದುರ್ಯೋಧನನಿಗೆ ಕೊಡಲು ಹಟತೊಟ್ಟ ಬಲರಾಮನೇ ಕಪಟ ಸನ್ಯಾಸಿಯಾದ ಅರ್ಜುನನನ್ನು ಭಕ್ತಿಯಿಂದ ಮನೆಗೆ ಕರೆತರುತ್ತಾನೆ. ಪೌರಾಣಿಕ ವಸ್ತು ಇಲ್ಲಿ ಅಣ್ಣ, ತಮ್ಮ, ತಂಗಿಯರ ಗೃಹವಿನೋದವಾಗಿ ಮಾರ್ಪಡುತ್ತದೆ. ಹಾಸ್ಯವು ವಿದೂಷಕನ ಮಾತಿಗಷ್ಟೇ ಸೀಮಿತವಾಗದೆ ಸನ್ನಿವೇಶದಿಂದಲೇ ಹುಟ್ಟುವುದು ಗಮನಾರ್ಹ. 1884ರಲ್ಲಿ ಆರಂಭಿಕ ಅಂಕಗಳಷ್ಟೇ ರಂಗಕ್ಕೆ ಬಂದ ‘ರಾಮರಾಜ್ಯವಿಯೋಗ’ ಅಪೂರ್ಣವಾಗಿಯೇ ಉಳಿಯಿತು. 1885ರ ನವೆಂಬರ್ 2ರಂದು, ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ಹುಟ್ಟೂರಿನಲ್ಲೇ ಅವರು ನಿಧನರಾದರು.

ಅವರ ಮಂಡಳಿ ಮಾತ್ರ ಬಾಳಿತು. ಬಾಲಗಂಧರ್ವರು ಬೆಳಗಿದ್ದು ಅಲ್ಲಿಯೇ. ಮರಾಠಿ ನಾಟಕಗಳ ಈ ಜನಪ್ರಿಯತೆಗೆ ಪ್ರತಿಯಾಗಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಕನ್ನಡದ ಆಟದಿಂದ ಪ್ರೇರಣೆ ಪಡೆದ ರಂಗಭೂಮಿಯೇ ಮರಳಿ ಕನ್ನಡಕ್ಕೆ ಸವಾಲಾದ ಈ ಕೊಡುಕೊಳೆಯ ನಡುವೆ ಕಿರ್ಲೋಸ್ಕರರು ನಿಂತಿದ್ದಾರೆ. ಏಕಸಂಬಿ, ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪರಿಸರದ ದ್ವಿಭಾಷಿಕ ಬದುಕನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದ್ದರಿಂದ ಅವರನ್ನು ಒಂದು ಭಾಷೆಯ ಸ್ವತ್ತೆಂದು ಬಿಟ್ಟುಕೊಡದೆ, ಗಡಿನಾಡಿನ ಸಮಾನ ರಂಗಪರಂಪರೆಯ ಫಲವೆಂದು ಅಧ್ಯಯನ ಮಾಡುವುದು ಉಚಿತ.