ಸೆಲೀನಾ ಮನೆಯ ಬ್ಯಾಂಡ್

ತೆಹಾನೊ ಗಾಯಕಿ ಸೆಲೀನಾ ಕ್ವಿಂಟಾನಿಲ್ಲಾ ಎಂದರೆ ಎಲ್ಲರಿಗೂ ನೆನಪಾಗುವುದು 1995ರಲ್ಲಿ, 23ರ ವಯಸ್ಸಿನಲ್ಲೇ ನಡೆದ ಆಕೆಯ ಕೊಲೆ. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಆಕೆಯ ಮನೆ.

ಟೆಕ್ಸಾಸ್‌ನ ಮೆಕ್ಸಿಕನ್ ಮೂಲದ ಅಪ್ಪ ಅಬ್ರಹಾಂ ಯೌವನದಲ್ಲಿ ‘ಲಾಸ್ ಡೀನೋಸ್’ ತಂಡದ ಗಾಯಕ. ಬಿಳಿಯರ ಕ್ಲಬ್ಬುಗಳು ಬೇಡವೆಂದವು. ಮೆಕ್ಸಿಕನ್ನರು ಇಂಗ್ಲಿಷ್ ಹಾಡಿಗೆ ಸಿಟ್ಟಾದರು. ಸಂಸಾರ ಬೆಳೆದಾಗ ಹಾಡು ಬಿಟ್ಟು ದುಡಿಮೆಗೆ ನಿಂತರು. ಮಗಳ ದನಿ ಕೇಳಿದ್ದೇ ಹಳೆಯ ಆಸೆ ಚಿಗುರಿತು. ಮಗ ಎ.ಬಿ.ಗೆ ಬಾಸ್ ಗಿಟಾರ್, ಹಿರಿಮಗಳು ಸುಝೆಟ್‌ಗೆ ಡ್ರಮ್ಸ್. ಪಾಪ, ಆಕೆಗೆ ಅದು ಇಷ್ಟವೇ ಇರಲಿಲ್ಲವಂತೆ!

ಮಕ್ಕಳು ಹಾಡುತ್ತಿದ್ದುದು ಲೇಕ್ ಜಾಕ್ಸನ್‌ನ ಮನೆಯವರದ್ದೇ ಹೋಟೆಲಿನಲ್ಲಿ. 1981ರ ಆರ್ಥಿಕ ಹಿಂಜರಿತದಲ್ಲಿ ಹೋಟೆಲು ಮುಚ್ಚಿತು, ಮನೆಯೂ ಕೈತಪ್ಪಿತು. ಕಾರ್ಪಸ್ ಕ್ರಿಸ್ಟಿಗೆ ಬಂದವರು ಹಳೇ ಬಸ್ಸಿನಲ್ಲಿ ಸುತ್ತುತ್ತ ಮದುವೆ, ಜಾತ್ರೆ, ಬೀದಿಮೂಲೆ ಎನ್ನದೆ ಹಾಡಿದರು. ಹೊಟ್ಟೆ ತುಂಬಬೇಕಿತ್ತಲ್ಲ.

ಎಂಟನೇ ತರಗತಿಯಲ್ಲಿ ಅಪ್ಪ ಮಗಳ ಶಾಲೆ ಬಿಡಿಸಿದ್ದು ನನಗಂತೂ ಒಪ್ಪಿಗೆಯಾಗುವುದಿಲ್ಲ. ಆಕೆ ಅಂಚೆ ಮೂಲಕ ಓದಿ 1989ರಲ್ಲಿ ಹೈಸ್ಕೂಲ್ ಮುಗಿಸಿದಳು. ಸ್ಪ್ಯಾನಿಷ್ ಸರಿಯಾಗಿ ಬಾರದಿದ್ದರೂ ಉಚ್ಚಾರಣೆ ಕಲಿತು ಹಾಡಿದಳು. 1994ರಲ್ಲಿ ಗ್ರ್ಯಾಮಿ ಬಂದಾಗಲೂ ಬಾಸ್ ಹಿಡಿದವ ಅದೇ ಅಣ್ಣ, ಡ್ರಮ್ಸ್ ಹಿಂದೆ ಅದೇ ಅಕ್ಕ, ವ್ಯವಹಾರ ನೋಡುತ್ತಿದ್ದವರು ಅದೇ ಅಪ್ಪ.