ಶ್ರೀ ಮಾಣಿಕ ಪ್ರಭುಗಳು ಮತ್ತು ಅವರ ಮಾತೃಶ್ರೀ

ಮಾರ್ಗಶಿರ ಶುದ್ಧ ಏಕಾದಶಿಯು ಗೀತಾಜಯಂತಿಯ ಪುಣ್ಯದಿನ. 1865ರ ಅದೇ ತಿಥಿಯಂದು ಹುಮನಾಬಾದಿನ ಸಮೀಪದ ಮಾಣಿಕನಗರದಲ್ಲಿ ಶ್ರೀ ಮಾಣಿಕ ಪ್ರಭುಗಳು ಸಮಾಧಿಸ್ಥರಾದರು. ಈ ಪರ್ವಕಾಲದಲ್ಲಿ ಅವರನ್ನೂ ಅವರನ್ನು ಹೆತ್ತ ತಾಯಿಯನ್ನೂ ಸ್ಮರಿಸಲು ಬಯಸುತ್ತೇವೆ.

ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಪ್ರಭುಗಳ ಜನನವಾಯಿತು. ತಂದೆ ಮನೋಹರ ನಾಯಕರು, ತಾಯಿ ಬಯಾದೇವಿ, ಶ್ರೀರಾಮನ ಉಪಾಸಕರು. ಹಿರಿಯ ಮಗ ಹನುಮಂತ, ಕಿರಿಯವ ನರಸಿಂಹ, ನಡುವಿನವರೇ ಮಾಣಿಕರು. ಕಲ್ಯಾಣದಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದ ಬಾಲಕನಿಗೆ ಪಾಠಶಾಲೆ ರುಚಿಸಲಿಲ್ಲ, ಕಾಡುಮೇಡುಗಳೇ ಪ್ರಿಯವಾದವು. ಉದ್ಯೋಗ ಹಿಡಿಯದಿದ್ದುದಕ್ಕೆ ಮಾವನು ಗದರಿದಾಗ ಮನೆಯನ್ನೇ ತೊರೆದರು. ಲೋಕದ ಕಣ್ಣಿಗೆ ನಿರುಪಯೋಗಿಯಾಗಿ ಕಂಡ ಮಗನನ್ನು ನೆನೆದು ಹೆತ್ತೊಡಲು ಎಷ್ಟು ತಪಿಸಿರಬೇಕೆಂಬುದನ್ನು ನಾವು ಊಹಿಸಬಲ್ಲೆವು.

ಆ ಮಗನಿಂದಲೇ 1845ರಲ್ಲಿ ಮಾಣಿಕನಗರ ನೆಲೆಗೊಂಡಿತು. ಅಲ್ಲಿ ಜಾತಿಮತಗಳನ್ನೆಣಿಸದ ಅನ್ನದಾನ, ಸಂಗೀತಸೇವೆಗಳು ನಡೆದವು. ಕನ್ನಡ, ಮರಾಠಿ ಮುಂತಾದ ಭಾಷೆಗಳಲ್ಲಿ ಪ್ರಭುಗಳು ಪದಗಳನ್ನು ರಚಿಸಿದರು. ಅವರ ತರುವಾಯ ನರಸಿಂಹರ ಪುತ್ರರಾದ ಮನೋಹರ ಪ್ರಭುಗಳೂ, ಅನಂತರ ಮಾರ್ತಾಂಡ ಪ್ರಭುಗಳೂ ಪೀಠವನ್ನಲಂಕರಿಸಿದರು. ಮಾರ್ತಾಂಡರು ವೇದಾಂತಗ್ರಂಥಕಾರರೆಂದು ಖ್ಯಾತರಾದರು. ವಿರಕ್ತನಾದ ಮಗನು ಕಟ್ಟಿದ್ದನ್ನು ಗೃಹಸ್ಥನಾದ ಮಗನ ಸಂತಾನವು ಬೆಳೆಸಿತು. ಒಂದೇ ಮಡಿಲಿನ ಮಕ್ಕಳು ಬೇರೆ ಬೇರೆ ದಾರಿಯಲ್ಲಿ ಆ ತಾಯಿಗೆ ಕೀರ್ತಿ ತಂದರು.

ಪ್ರಭುಗಳ ಸಕಲಮತ ಸಿದ್ಧಾಂತವು ನಮ್ಮ ತತ್ತ್ವವಾದಕ್ಕಿಂತ ಭಿನ್ನವಾದುದು. ಆದರೂ ಈ ಚರಿತ್ರೆ ನಮಗೆ ಹಿತವನ್ನೇ ಹೇಳುತ್ತದೆ. ಜೀವರ ಯೋಗ್ಯತೆ ಒಂದೇ ಬಗೆಯದಲ್ಲವೆಂದು ಶ್ರೀಮದಾಚಾರ್ಯರು ಉಪದೇಶಿಸಿದ್ದಾರೆ. ಪರೀಕ್ಷೆಯ ಅಂಕ, ಉದ್ಯೋಗದ ಸಂಬಳಗಳಿಂದ ಮಕ್ಕಳನ್ನು ತೂಗುವ ನಾವು ಇದನ್ನು ಮನೆಯೊಳಗೂ ಮರೆಯದಿರೋಣ.

ಶ್ರೀಕೃಷ್ಣಾರ್ಪಣಮಸ್ತು.